ಅಣ್ಣನ ಮುನ್ನೂರು ಹಾಡು, ನನ್ನ ಒಂದು ಮಾತು

ನನ್ನ ಅಣ್ಣ ವಾರಕ್ಕೆ ಒಂದು ಹಾಡು ಕಟ್ಟುತ್ತಿದ್ದ. ಕೆಲವು ವಾರ ಎರಡು. ಹೀಗೆ ಆರೇಳು ವರ್ಷ ನಡೆಯಿತು. ಕೇಳಿದವರು ಈಗ ‘ಅಬ್ಬಾ’ ಎನ್ನುತ್ತಾರೆ. ನಾನು ಆ ಮನೆಯಲ್ಲಿದ್ದವಳು, ಆ ಹಾಡುಗಳಿಗೆ ಹಾರ್ಮೋನಿಯಂ ನುಡಿಸಿದವಳು. ನನಗೆ ‘ಅಬ್ಬಾ’ ಎನ್ನಿಸುವುದಿಲ್ಲ. ಅಷ್ಟೊಂದು ಹಾಡು ಕಟ್ಟಲು ಬೇಕಾದದ್ದು ಪ್ರತಿಭೆಯಲ್ಲ, ತನ್ನ ಬಾಯಿಂದ ಬಿದ್ದದ್ದೆಲ್ಲ ಎತ್ತಿಡಲು ತಕ್ಕದ್ದು ಎಂಬ ನಂಬಿಕೆ. ಅದು ಅಣ್ಣನಲ್ಲಿ ಬೇಕಾದಷ್ಟಿತ್ತು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಪಡಸಾಲೆಯ ಕುಣಿಮಗ್ಗದಲ್ಲಿ ಅಪ್ಪ ಸೀರೆ ನೇಯುತ್ತಿದ್ದ, ಅವ್ವ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರದೂ ಮಾತು ಕಡಿಮೆ. ಮಕ್ಕಳು ನಾವಿಬ್ಬರೇ; ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಓದಿನಲ್ಲಿ ಜಾಣನೆಂದು ಅವನನ್ನು ಧಾರವಾಡಕ್ಕೆ ಕಳಿಸಿದ್ದರು. ಅಲ್ಲಿ ಕನ್ನಡದಲ್ಲಿ ಬಿ.ಎ. ಮುಗಿಸಿ, ಎಂ.ಎ. ಅರ್ಧಕ್ಕೆ ಬಿಟ್ಟು, ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮನೆಗೆ ಬಂದ. ಕೈಯಲ್ಲಿ ಗಿಟಾರ್, ಮುಖದ ಮೇಲೆ ಗಡ್ಡ. ಹಾಸ್ಟೆಲ್ಲಿನಲ್ಲಿ ಯಾರದೋ ಗ್ರಾಮಫೋನಿನಲ್ಲಿ ಇಂಗ್ಲಿಷಿನ ರಾಕ್ ಹಾಡು ಕೇಳಿದೆ, ಅಂದೇ ನನ್ನ ದಾರಿ ಕಂಡಿತು ಎಂದು ಹೇಳಿದ. ಅಪ್ಪ ಗಿಟಾರನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿ, “ಕಟಗಿ ಹಗರ ಐತಿ,” ಎಂದು ಮಗ್ಗಕ್ಕೆ ಇಳಿದ.

ಅಣ್ಣನಿಗೆ ಊರಿನ ಗ್ರಂಥಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಬೆಳಗ್ಗೆ ಮೂರು ತಾಸು, ಸಂಜೆ ನಾಲ್ಕು ತಾಸು ಬಾಗಿಲು ತೆರೆಯುವ ಗ್ರಂಥಾಲಯ. ನಡುವಿನ ಮಧ್ಯಾಹ್ನವೆಲ್ಲ ಖಾಲಿ. ಬೆಳಗ್ಗೆ ಓದಿದ್ದನ್ನು ಮಧ್ಯಾಹ್ನ ಹಾಡು ಮಾಡುತ್ತಿದ್ದ. ಬಾದಾಮಿಯ ಗುಹೆಯೊಂದನ್ನು ಅರ್ಧಕ್ಕೆ ಬಿಟ್ಟು ಓಡಿಹೋದ ಶಿಲ್ಪಿಯ ಮೇಲೆ ಹನ್ನೊಂದು ಹಾಡು ಬರೆದ. ಶಾಸನದಲ್ಲಿ ಒಂದಕ್ಷರ ತಪ್ಪಾಗಿ ಬರೆದ ಚಾಲುಕ್ಯರ ಕಾಲದ ಲಿಪಿಕಾರನ ಮೇಲೆ ಆರು. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕೂತ ಹಳಗನ್ನಡದ ಕವಿಯೊಬ್ಬನ ಮೇಲೆ ಒಂದು. ಅದು ಕ್ಯಾಸೆಟ್ಟಿನ ಒಂದು ಇಡೀ ಬದಿಯನ್ನು ತಿಂದಿತ್ತು. ಮಂದಾಕ್ರಾಂತ ವೃತ್ತದ ಒಂದು ಸಾಲು ಗಂಭೀರವಾಗಿ ಬಂದು ನಿಂತರೆ, ಅದರ ಬೆನ್ನಿಗೇ ಮಿರ್ಚಿ ಬಜಿ ಬರುತ್ತಿತ್ತು. ಇದನ್ನು ಅವನು ಧೈರ್ಯವೆಂದು ಕರೆಯುತ್ತಿದ್ದ.

ಗಿಟಾರಿನ ಮೇಲೆ ಅವನಿಗೆ ಬರುತ್ತಿದ್ದದ್ದು ನಾಲ್ಕು ಪಟ್ಟು, ಅಂದರೆ ನಾಲ್ಕು ಕಾರ್ಡು. ಆ ನಾಲ್ಕರಲ್ಲೇ ಮುನ್ನೂರು ಹಾಡುಗಳನ್ನು ತುರುಕಿದ. ತಂತಿಯನ್ನು ಮೀಟುತ್ತಿರಲಿಲ್ಲ, ಹತ್ತಿ ಬಡಿದ ಹಾಗೆ ಬಡಿಯುತ್ತಿದ್ದ. ಕಂಠ ಮೂಗಿನಿಂದ ಹೊರಡುತ್ತಿತ್ತು. ಸಾಲಿನ ಕೊನೆಗೆ ಉಸಿರು ಸಾಲದೆ ಒದರುತ್ತಿದ್ದ. ಆ ಒದರುವಿಕೆಗೂ ಅವನ ಬಳಿ ಒಂದು ಸಿದ್ಧಾಂತವಿತ್ತು.

ನಾನೋ ಎಂಟು ವರ್ಷ ಹಾರ್ಮೋನಿಯಂ ಕಲಿತವಳು. ನಮ್ಮ ಕಡೆ ಅದನ್ನು ಪೇಟಿ ಎನ್ನುತ್ತೇವೆ. ಕಲಿಸಿದ ಮಾಸ್ತರರು ಒಂದು ಸಣ್ಣ ತಿರುವನ್ನು ನಾನು ಬೆಳಗಿನಿಂದ ಉಣ್ಣುವ ಹೊತ್ತಿನವರೆಗೆ ನುಡಿಸಿದರೂ “ಇನ್ನೊಮ್ಮಿ” ಎನ್ನುತ್ತಿದ್ದರು. ಅಣ್ಣ ಆ ಪೇಟಿಯನ್ನು ತನ್ನ ಹಾಡಿಗೆ ಬೇಡಿದಾಗ ನಾನು ಯಾಕೆ ಒಪ್ಪಿದೆನೋ! ಮನೆಯಲ್ಲಿ ನನ್ನನ್ನು ಏನನ್ನಾದರೂ ಬೇಡಿದವನು ಅವನೊಬ್ಬನೇ ಎಂಬುದು ಕಾರಣವಿರಬೇಕು. ತಾಳಕ್ಕೆ ಅವನ ಶಾಲೆಯ ಗೆಳೆಯನೊಬ್ಬ ಬರುತ್ತಿದ್ದ, ಬಸ್ ಕಂಡಕ್ಟರ್. ರಜೆಯ ದಿನ ಬಂದು ನಮ್ಮ ಅಜ್ಜಿಯ ತಗಡಿನ ಟ್ರಂಕನ್ನು ಬೋರಲು ಹಾಕಿ ಎರಡೂ ಕೈಯಿಂದ ಬಾರಿಸುತ್ತಿದ್ದ. ಹೀಗೆ ಮೂವರು ಸೇರಿದ್ದನ್ನು ಅಣ್ಣ ತಂಡ ಎಂದು ಘೋಷಿಸಿದ. ಆ ತಂಡಕ್ಕೆ ಅವನಿಟ್ಟ ಉದ್ದನೆಯ ಸಂಸ್ಕೃತದ ಹೆಸರನ್ನು ಇಲ್ಲಿ ಬರೆಯಲಾರೆ. ಈಗಲೂ ನಾಚಿಕೆಯಾಗುತ್ತದೆ.

ಧ್ವನಿಮುದ್ರಣವೆಂದರೆ ಇಷ್ಟೇ: ನಮ್ಮ ಸೋದರಮಾವ ಕುವೈತಿನಿಂದ ತಂದುಕೊಟ್ಟಿದ್ದ ಒಂದು ಟೇಪ್‌ರೆಕಾರ್ಡರನ್ನು ಗೋಡೆಯ ಗೂಡಿನಲ್ಲಿಟ್ಟು, ಕೆಂಪು ಗುಂಡಿ ಒತ್ತಿ ಹಾಡುವುದು. ಪಕ್ಕದಲ್ಲಿ ಅಪ್ಪನ ಮಗ್ಗ ನಡೆದೇ ಇರುತ್ತಿತ್ತು. ಲಾಳಿಯ ಸದ್ದು, ಅವ್ವನ ರಾಟೆ, ಓಣಿಯ ನಾಯಿ, ಎಲ್ಲವೂ ಕ್ಯಾಸೆಟ್ಟಿಗೆ ಹೋಗುತ್ತಿದ್ದವು. ಒಮ್ಮೆ ಹಾಡಿದ್ದೇ ಕೊನೆ.

“ಅಣ್ಣಾ, ಎರಡನೇ ನುಡಿಯೊಳಗ ನಾ ತಪ್ಪು ಸ್ವರ ಒತ್ತೀನಿ. ಇನ್ನೊಮ್ಮಿ ಹಾಡೂಣು,” ಎಂದರೆ,

“ತಪ್ಪೂ ಹಾಡಿನೊಳಗಿಂದ ತಂಗಿ,” ಎನ್ನುತ್ತಿದ್ದ. “ಎರಡನೇ ಸಲ ಹಾಡಿದ್ದು ಸುಳ್ಳು. ಮೊದಲನೇ ಸಲ ಬಂದದ್ದಷ್ಟ ಖರೆ.”

ಸೋಮಾರಿತನಕ್ಕೆ ಇಷ್ಟು ಚಂದದ ಅಂಗಿ ಹೊಲಿದವರನ್ನು ನಾನು ಬೇರೆ ನೋಡಿಲ್ಲ.

ಕಂಡಕ್ಟರನ ಬಳಿ ಇನ್ನೊಂದು ಟೇಪ್‌ರೆಕಾರ್ಡರಿತ್ತು. ಎರಡನ್ನೂ ಎದುರುಬದುರು ಇಟ್ಟು, ಮೇಲೆ ಕೌದಿ ಮುಚ್ಚಿ, ಒಂದರಿಂದ ಇನ್ನೊಂದಕ್ಕೆ ನಕಲು ಮಾಡುತ್ತಿದ್ದರು. ಆ ನಕಲುಗಳು ಕಂಡಕ್ಟರನ ಚೀಲದಲ್ಲಿ ಊರೂರಿಗೆ ಹೋದವು. ಹುನಗುಂದದ ಕ್ಷೌರದಂಗಡಿ, ಕಮತಗಿಯ ತರುಣರ ಮಂಡಳಿ, ಬಾದಾಮಿಯ ಲಾಡ್ಜಿನ ಗುಮಾಸ್ತ, ಕುಳಗೇರಿ ಕ್ರಾಸಿನ ಚಹಾದಂಗಡಿ. ಯಾರಿಗೂ ಮಾರುತ್ತಿರಲಿಲ್ಲ, ಸುಮ್ಮನೆ ಕೊಡುತ್ತಿದ್ದರು. ಬಾಗಲಕೋಟೆಯ ನಾಲ್ಕಾರು ಉಪನ್ಯಾಸಕರು ಮತ್ತು ಅವರ ಹಿಂದೆ ಸುತ್ತುವ ಹುಡುಗರು ಆ ಕ್ಯಾಸೆಟ್ಟುಗಳನ್ನು ಹಿಡಿದುಕೊಂಡು ಚರ್ಚೆ ಶುರುಮಾಡಿದರು. ಒಮ್ಮೆ ಅವರಲ್ಲೊಬ್ಬರು ನಮ್ಮ ಮನೆಗೇ ಬಂದು, ಹಾಡಿನ ಹಿಂದೆ ಕೇಳುವ ಆ ಕಟಕಟ ಸದ್ದು ಕಾಲಪುರುಷನ ಹೆಜ್ಜೆಯಲ್ಲವೇ ಎಂದು ಕೇಳಿದರು. ಅಪ್ಪ ಮಗ್ಗದ ಕುಣಿಯೊಳಗಿಂದ ತಲೆಯೆತ್ತಿ ಅವರನ್ನು ನೋಡಿ ಮತ್ತೆ ಲಾಳಿ ಎಸೆದ. ಮಾತು ಸರಿಯಾಗಿ ಕೇಳಿಸದಿದ್ದರೆ ಅದರಲ್ಲಿ ಏನೋ ಆಳವಿದೆ ಎಂದುಕೊಳ್ಳುವ ಜನ. ಅಣ್ಣನನ್ನು ಕೆಡಿಸಿದವರು ಅವರು. ಹೊಗಳಿದ ಮರುವಾರ ಅವನು ಐದು ಹಾಡು ಬರೆದ.

ಮುನ್ನೂರರಲ್ಲಿ ಮೂರು ಹಾಡು ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳುತ್ತೇನೆ. ಅವುಗಳಲ್ಲಿ ಒಂದು ಅವ್ವ ಕಂಡಿಕೆ ಸುತ್ತುವಾಗ ತುಂಡಾದ ಎಳೆಯನ್ನು ನಾಲಗೆಯ ತುದಿಯಿಂದ ಒದ್ದೆ ಮಾಡಿ ಜೋಡಿಸುವುದರ ಮೇಲಿನದು. ಅದನ್ನು ಹಾಡುವಾಗ ಅಪ್ಪ ಮಗ್ಗ ನಿಲ್ಲಿಸಿದ್ದ. ಕ್ಯಾಸೆಟ್ಟಿನಲ್ಲಿ ಆ ಒಂದು ಹಾಡಿನ ಹಿಂದೆ ಮಾತ್ರ ಸದ್ದಿಲ್ಲ. ಅಣ್ಣನಿಗೆ ಅದು ಕೆಟ್ಟ ಹಾಡೆನಿಸಿತು. ಅದರಲ್ಲಿ ಪಾಂಡಿತ್ಯವಿರಲಿಲ್ಲವಲ್ಲ!

ಕಮತಗಿಯ ತರುಣರು ಒಮ್ಮೆ ನಮ್ಮನ್ನು ಗಣಪತಿ ಹಬ್ಬದ ಸಂಜೆ ಹಾಡಲು ಕರೆದರು. ವೇದಿಕೆಯ ಮೇಲೆ ನಾನು ಪೇಟಿಯ ಹಿಂದೆ ಸೆರಗು ಹೊದ್ದು ಕೂತಿದ್ದೆ. ಜನ ಸಿನಿಮಾ ಹಾಡು ಕೇಳಿದರು. ಅಣ್ಣ ಲಿಪಿಕಾರನ ಹಾಡು ಎತ್ತಿಕೊಂಡ. ಏಳನೇ ನುಡಿಗೆ ಮೈಕಿನವನು ಮೈಕು ಬಂದ್ ಮಾಡಿದ. ಅಣ್ಣ ನಿಲ್ಲಿಸಲಿಲ್ಲ, ಇನ್ನೂ ಹದಿನೈದು ನುಡಿಗಳನ್ನು ಬರಿಗಂಟಲಿನಲ್ಲಿ ಒದರಿದ. ಮುಂದಿನ ಸಾಲಿನ ಹೆಂಗಸರು ನಗಲಿಲ್ಲ, ಬೈಯಲಿಲ್ಲ, ಎದ್ದು ಚಾಪೆ ಝಾಡಿಸಿಕೊಂಡು ಹೋದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಹೇಳಿದ್ದು, “ಇದರ ಮ್ಯಾಲ ಒಂದು ಹಾಡು ಮಾಡಬೇಕು.” ಮಾಡಿದ ಕೂಡ. ಅವನಿಗೆ ಯಾವ ಅವಮಾನವೂ ತಾಗುತ್ತಿರಲಿಲ್ಲ. ತಾಗುವ ಮೊದಲೇ ಹಾಡಾಗುತ್ತಿತ್ತು.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ನನ್ನ ಮದುವೆಯ ವಿಷಯ ಬಾರದಿದ್ದರೆ.

ಎಂಬತ್ತರ ದಶಕದ ನಡುವಿನಲ್ಲಿ ಬಾಗಲಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನೋಡಲು ಬಂದ ದಿನ ಹಿರಿಯರು ಕೇಳುವುದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಆ ಮಾಸ್ತರರು ನನ್ನನ್ನು ಕೇಳಿದ್ದು ಒಂದೇ ಮಾತು: “ದಿನಾ ಎಷ್ಟೊತ್ತು ಪೇಟಿ ಬಾರಸ್ತೀರಿ?”

“ಮುಂಜಾನೆ ಎರಡು ತಾಸು,” ಎಂದೆ.

“ನನಗ ಸಂಗೀತ ತಿಳಿಯಂಗಿಲ್ಲರಿ. ಆದರ ಆ ಎರಡು ತಾಸು ಗದ್ದಲ ಮಾಡದಂಗ ಇರಾಕ ಬರತೈತಿ,” ಎಂದರು.

ಆ ಒಂದು ಮಾತಿಗೆ ನಾನು ಒಪ್ಪಿದೆ. ಮುಖ ಕೂಡ ಸರಿಯಾಗಿ ನೋಡಿರಲಿಲ್ಲ. ಅವರ ತಾಯಿ ಮಾತ್ರ ನನ್ನ ಎಡಗೈಯನ್ನು ಹಿಡಿದು, ಮಣಿಕಟ್ಟಿನ ಮೇಲಿದ್ದ ಸುಟ್ಟ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಚಿಕ್ಕವಳಿದ್ದಾಗ ನೂಲಿಗೆ ಬಣ್ಣ ಕಾಯಿಸುವ ಹಂಡೆ ತಾಗಿ ಆದ ಕಲೆ ಅದು. ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುತ್ತಾರಲ್ಲ, ಹಾಗಿತ್ತು ಆ ತಿಕ್ಕುವಿಕೆ. ಆದರೂ ನಿಶ್ಚಯವಾಯಿತು. ಬೀಗರು ಸಕ್ಕರೆ ಹಂಚಿ ಹೋದರು.

ಅದಾಗಿ ತಿಂಗಳಿಗೆ ನನಗೆ ಜ್ವರ ಬಂತು. ಮೂರು ದಿನ ಹಾಸಿಗೆ ಹಿಡಿದಿದ್ದೆ. ಮೂರನೆಯ ಮಧ್ಯಾಹ್ನ ಅಣ್ಣ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ. ಅವ್ವ ದವಾಖಾನೆಗೆ ಔಷಧ ತರಲು ಹೋಗಿದ್ದಳು. ಏನು ತೋಚಿತೋ, ಅಳುತ್ತ ಹೇಳಿದೆ: “ಅಣ್ಣಾ, ನನಗ ಆ ಮನಿಗೆ ಹೋಗೂದು ಬ್ಯಾಡ ಅನಸ್ತೈತಿ. ಬಾಗಿಲಿಗೆ ಗೊಂಬಿ ನಿಂದರಿಸಿದಂಗ ನಿಂದರಸ್ತಾಳ ಅವರವ್ವ ನನ್ನ. ಇಲ್ಲೇ ಕಲ್ಲಾಗಿ ಬಿದ್ದಿರತೇನಿ.”

ಅವನು ತಲೆ ಸವರಿದ. “ಮಲಕೋ,” ಎಂದ.

ಸಂಜೆಗೆ ಜ್ವರ ಇಳಿಯಿತು. ಮರುದಿನ ಗಂಜಿ ಕುಡಿದೆ. ಆ ಮಾತು ಬೆವರಿನ ಜೊತೆಗೇ ಹೋಗಿತ್ತು. ಮತ್ತೆ ಪೇಟಿಯ ಮುಂದೆ ಕೂತು, ಬಾಗಲಕೋಟೆಯ ಮನೆಯಲ್ಲಿ ಅದನ್ನು ಯಾವ ಕೋಣೆಯಲ್ಲಿ ಇಡುವುದು ಎಂದು ಯೋಚಿಸತೊಡಗಿದೆ.

ಆ ವಾರವೇ ಅಣ್ಣ ಒಂದು ಧಾಟಿ ಗುನುಗುತ್ತ ಬಂದು, “ಮಾತು ಇನ್ನೂ ಬರದಿಲ್ಲ, ಬರೇ ಧಾಟಿ ಬಾರಸು,” ಎಂದ. ಬಾರಿಸಿದೆ. ಚೆನ್ನಾಗಿಯೇ ಬಂತು. ಅವನು ಅದನ್ನು ಹಿಡಿದಿಟ್ಟುಕೊಂಡ. ನಂತರ ಆ ಕ್ಯಾಸೆಟ್ಟನ್ನು ಒಂದು ಯಂತ್ರದಲ್ಲಿ ಹಚ್ಚಿ, ಅದರ ಎದುರಿಗೆ ಕೂತು ತಾನು ಹಾಡುತ್ತ, ಎರಡನ್ನೂ ಸೇರಿಸಿ ಇನ್ನೊಂದು ಯಂತ್ರಕ್ಕೆ ತುಂಬಿಸಿದ. ಬೇರೆ ಯಾವ ಹಾಡಿಗೂ ಅವನು ಇಷ್ಟು ಕಷ್ಟಪಟ್ಟಿರಲಿಲ್ಲ. ಎರಡು ಸಲ ಮಾಡಿದ್ದು ಸುಳ್ಳು ಎನ್ನುತ್ತಿದ್ದವನು ನನ್ನ ವಿಷಯಕ್ಕೆ ಬಂದಾಗ ಎರಡು ಸಲ ಮಾಡಿದ.

ನನಗೆ ಅದು ತಿಳಿದದ್ದು ಕುಳಗೇರಿ ಕ್ರಾಸಿನಲ್ಲಿ. ಅವ್ವನೂ ನಾನೂ ನರಗುಂದದ ಸಂಬಂಧಿಕರಿಗೆ ಮದುವೆಯ ಸುದ್ದಿ ಹೇಳಲು ಹೊರಟಿದ್ದೆವು. ಬಾದಾಮಿಯ ಬಸ್ಸಿನಿಂದ ಇಳಿದು, ಮುಂದಿನ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬಾಕಿನ ಮೇಲೆ ಕೂತೆವು. ಅಂಗಡಿಯವನು ಟೇಪ್ ಹಚ್ಚಿದ್ದ. ಲಾರಿಗಳ ಸದ್ದಿನ ನಡುವೆ ಅವ್ವ ಕಿವಿ ನಿಮಿರಿಸಿ, “ಇದು ನಿನ್ನ ಪೇಟಿ ಅಲ್ಲೇನ?” ಎಂದಳು.

ನನ್ನದೇ. ಅದರ ಮೇಲೆ ಅಣ್ಣನ ಮೂಗಿನ ಕಂಠ:

ಉಳಿ ಬ್ಯಾಡೋ ಶಿಲ್ಪಿ, ಬ್ಯಾಡ,
ಕಲ್ಲಾಗಿ ನಾ ಇಲ್ಲೇ ಬಿದ್ದಿರತೇನಿ;
ಬಾಗಲಕೋಟಿ ಬಾಗಿಲಿಗೆ ಗೊಂಬಿ ಬೇಕಂತ,
ಸುಟ್ಟ ಮಣಿಕಟ್ಟ ತಿಕ್ಕಿ ನೋಡತಾರ.

ನಾನು ಎದ್ದು ನಿಂತೆ. ಅಂಗಡಿಯವನನ್ನು ಕೇಳಿದೆ, “ಈ ಕ್ಯಾಸೆಟ್ ಎಲ್ಲಿಂದ ಬಂತ್ರಿ?”

“ಕಂಡಕ್ಟರ್ ಕೊಟ್ಟಾರ್ರಿ ಅಕ್ಕಾರ. ಭಾಳ ಮಂದಿ ಕೇಳ್ಯಾರ ಇದನ್ನ. ಬಾಗಲಕೋಟಿ ಮಾಸ್ತರಗೋಳು ಇಬ್ಬರು ನಿನ್ನೆ ಇಲ್ಲೇ ಕುಂತು ಬರಕೊಂಡು ಹೋದರು.” ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು.

ಅವ್ವನಿಗೆ ಮಾತಿನ ಅರ್ಥ ತಡವಾಗಿ ತಲುಪಿತು. ತಲುಪಿದಾಗ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟಳು. ನರಗುಂದಕ್ಕೆ ಹೋಗಲಿಲ್ಲ. ಎದುರು ದಿಕ್ಕಿನ ಬಸ್ಸು ಹತ್ತಿ ತಿರುಗಿ ಬಂದೆವು.

ಬಸ್ಸಿಳಿದು ನಾನು ನೆಟ್ಟಗೆ ಗ್ರಂಥಾಲಯಕ್ಕೆ ಹೋದೆ. ಸಂಜೆಯ ಓದುಗರು ಪೇಪರು ಹಿಡಿದು ಕೂತಿದ್ದರು. ಗೋಡೆಯ ಮೇಲೆ ಮೌನವಾಗಿರಿ ಎಂಬ ಬೋರ್ಡು. ಅಣ್ಣ ಮೇಜಿನ ಹಿಂದೆ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದ. ಹೀಗಾಗಿ ನಮ್ಮ ಜೀವನದ ದೊಡ್ಡ ಜಗಳವನ್ನು ನಾವು ಪಿಸುಮಾತಿನಲ್ಲಿ ಆಡಿದೆವು.

“ನನ್ನ ಕೇಳದ ಯಾಕ ಹಾಡಿದಿ?”

“ಹೆಸರು ಎಲ್ಲಿ ಹೇಳೇನಿ?”

“ಊರ ಹೇಳಿದಿ. ಕೈ ಹೇಳಿದಿ. ಇನ್ನೇನ ಉಳದೈತಿ?”

ಅವನು ಮುದ್ರೆಯನ್ನು ಕೆಳಗಿಟ್ಟ. ತಪ್ಪಿತಸ್ಥನ ಮುಖವಲ್ಲ; ಪಾಠ ಹೇಳುವವನ ಮುಖ. “ತಂಗಿ, ನೀ ಅವತ್ತ ಖರೆ ಮಾತಾಡಿದಿ. ನಮ್ಮ ಮನಿಯೊಳಗ ಯಾರೂ ಅಷ್ಟು ಖರೆ ಮಾತಾಡಿಲ್ಲ. ಆ ಮಾತಿನ್ಯಾಗ ಕವಿತ್ವ ಇತ್ತು.”

“ಜ್ವರಾ ಇತ್ತು,” ಎಂದೆ.

ಪೇಪರು ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ ‘ಶ್’ ಎಂದರು. ಅಣ್ಣ ಅವರಿಗೆ ಕೈಮುಗಿದು ಕ್ಷಮೆ ಕೇಳಿದ. ಅವರಿಗೆ ಕೇಳಿದ!

ಮನೆಯಲ್ಲಿ ಅವ್ವ ಅಪ್ಪನಿಗೆ ಎಲ್ಲವನ್ನೂ ಹೇಳಿದ್ದಳು. ಅಣ್ಣ ಉಣ್ಣಲು ಬಂದು ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, “ಹಾಡು ನಿಂದ ಇರಬಹುದು. ಮಾತು ಆಕಿದು. ಕೇಳಿ ತಗೋಬೇಕಾಗಿತ್ತು,” ಎಂದ. ಅಪ್ಪ ಅವನ ಹಾಡಿನ ಬಗ್ಗೆ ಆಡಿದ್ದು ಅದೊಂದೇ ಮಾತು. ಅಣ್ಣ ಎರಡು ರೊಟ್ಟಿ ಉಂಡ. ಅವನ ಹಸಿವು ಕೂಡ ನನಗೆ ಅಂದು ಅಸಹ್ಯವೆನಿಸಿತು.

ಹದಿನೈದು ದಿನದೊಳಗೆ ಬಾಗಲಕೋಟೆಯಿಂದ ಹಿರಿಯರೊಬ್ಬರು ಬಂದರು. ಪಡಸಾಲೆಯಲ್ಲಿ ಕೂತು ನೀರು ಕುಡಿದು, ಹುಡುಗಿಗೆ ಮನಸ್ಸಿಲ್ಲದ ಮೇಲೆ ಬಲವಂತ ಬೇಡ ಎಂದು ಅವರ ಮನೆಯವರು ತೀರ್ಮಾನಿಸಿದ್ದಾರೆ ಎಂದರು. “ಅಲ್ಲದ, ಪೇಟಿನೂ ಆಕೀನ ಬಾರಿಸ್ಯಾಳ ಅಂತಲ್ಲರಿ,” ಎಂದು ಸೇರಿಸಿದರು. ಪೇಟಿ ನಾನೇ ಬಾರಿಸಿದ್ದೆ.

ನಾನು ಸುಮ್ಮನಾಗಲಿಲ್ಲ. ಮನೆಯಲ್ಲಿ ಹುನಗುಂದಕ್ಕೆ ಗೆಳತಿಯ ಮನೆಗೆ ಎಂದು ಹೇಳಿ ಕಂಡಕ್ಟರನ ಬಸ್ಸು ಹತ್ತಿದೆ. ಅವನು ಹತ್ತಿರ ಬಂದಾಗ, “ಬಾಗಲಕೋಟಿ ಒಂದು,” ಎಂದೆ. ಅವನಿಗೆ ಅರ್ಥವಾಯಿತು. ಟಿಕೆಟ್ ಹರಿದು ಕೊಟ್ಟು, “ತಂಗಿ, ಹಾಡಿನ್ಯಾಗ ಏನೈತಿ ಅಂತ ನಾ ಕೇಳಲೇ ಇಲ್ಲ. ಹಂಚಿ ಬಿಟ್ಟೆ,” ಎಂದ. ಮುನ್ನೂರು ಹಾಡಿಗೆ ತಾಳ ಹಾಕಿದವನು ಒಂದನ್ನೂ ಕೇಳಿರಲಿಲ್ಲ. ಆ ತಂಡದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ಬಾಗಲಕೋಟೆಯ ಯಾವ ಉಪನ್ಯಾಸಕನೂ ಬರೆಯಲಿಲ್ಲ.

ಶಾಲೆಯ ಗೇಟಿನ ಬಳಿ ನಿಂತು ಜವಾನನ ಕೈಯಲ್ಲಿ ಹೇಳಿ ಕಳಿಸಿದೆ. ಗಣಿತದ ಮಾಸ್ತರರು ಬಂದರು. ಬೆರಳುಗಳಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ನನ್ನನ್ನು ನೋಡಿ ಆ ಕಡೆ ಈ ಕಡೆ ನೋಡಿದರು.

“ನೀವು ಆ ಹಾಡು ಕೇಳೀರೇನ್ರಿ?” ಎಂದೆ.

“ಕೇಳೇನ್ರಿ. ಸ್ಟಾಫ್ ರೂಮಿನ್ಯಾಗ ಹಚ್ಚಿದ್ದರು. ಹಾಡು ಭಾಳ ಚಲೋ ಐತ್ರಿ.”

“ಅದು ಒಂದು ದಿನದ ಮಾತ್ರಿ. ಜ್ವರದಾಗ ಆಡಿದ್ದು. ಮರುದಿನ ನನಗ ನೆನಪೂ ಇರಲಿಲ್ಲ. ನಾ ನಿಮ್ಮ ಮನಿಗೆ ಬರಾಕ ಮನಸಿಟ್ಟೀನಿ ಅಂತ ಹೇಳಾಕ ಬಂದೇನಿ.”

ಊರ ನಡುವೆ ಹಾಡುಹಗಲಿನಲ್ಲಿ ಒಬ್ಬ ಹೆಣ್ಣುಮಗಳು ಹೀಗೆ ಹೇಳಲು ಎಷ್ಟು ನುಂಗಿಕೊಳ್ಳಬೇಕೆಂದು ಅವರಿಗೆ ಗೊತ್ತಾಗಬೇಕಿತ್ತು. ಅವರು ಕೈಯ ಸುಣ್ಣವನ್ನು ಉಜ್ಜಿಕೊಳ್ಳುತ್ತ, “ಅವ್ವ ಒಪ್ಪಂಗಿಲ್ಲರಿ. ಮ್ಯಾಲ, ಮನಸಿನ್ಯಾಗ ಇಲ್ಲದ್ದು ಹಾಡಿನ್ಯಾಗ ಬರತೈತೇನ್ರಿ?” ಎಂದರು.

“ನೀವು ಗಣಿತ ಕಲಸೂವರು. ಹುಡುಗ ಒಂದು ಲೆಕ್ಕಾ ತಪ್ಪು ಬರದರ, ಅವನ ಇಡೀ ವಹಿ ಹರದು ಒಗೀತೀರೇನ್ರಿ?”

ಒಳಗೆ ಗಂಟೆ ಹೊಡೆಯಿತು. ಬಿಡುಗಡೆ ಸಿಕ್ಕವರ ಹಾಗೆ ತಿರುಗಿದರು. ನಾಲ್ಕು ಹೆಜ್ಜೆ ಹೋಗಿ ನಿಂತು, ಸಂಕೋಚದಿಂದ ಕೇಳಿದರು: “ನಿಮ್ಮ ಅಣ್ಣಾವರ ಉಳಿದ ಕ್ಯಾಸೆಟ್ ಎಲ್ಲಿ ಸಿಗತಾವರಿ?”

ಇಷ್ಟು ವರ್ಷದ ಮೇಲೂ, ಆ ಮನೆಗೆ ಹೋಗದಿದ್ದದ್ದಕ್ಕೆ ಎಂದಾದರೂ ಬೇಸರ ಬಂದರೆ ಆ ಪ್ರಶ್ನೆಯನ್ನು ನೆನೆಯುತ್ತೇನೆ. ಬೇಸರ ಹೋಗುತ್ತದೆ.

ಮನೆಗೆ ಬಂದು ಪೇಟಿಯನ್ನು ಮುಚ್ಚಿ, ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದೆ. ಇನ್ನು ನಿನ್ನ ಹಾಡಿಗೆ ಬಾರಿಸುವುದಿಲ್ಲ ಎಂದು ಅಣ್ಣನಿಗೆ ಹೇಳಬೇಕಾಗಲಿಲ್ಲ. ಅವನು ಒಂಟಿಯಾಗಿ ಹಾಡತೊಡಗಿದ. ನನ್ನ ಮೌನದ ಮೇಲೆಯೇ ಐದು ಹಾಡು ಮಾಡಿದ. ಬಾಗಲಕೋಟೆಯವರು ಅವನ್ನು ಬಹಳ ಮೆಚ್ಚಿದರಂತೆ. ಹಿಂದೆ ಪೇಟಿ ಇಲ್ಲದ್ದರಿಂದ ಹಾಡುಗಳಿಗೆ ಒಂದು ಬಯಲಿನ ಗುಣ ಬಂದಿದೆ ಎಂದು ಯಾರೋ ಬರೆದುಕಳಿಸಿದ ಕಾಗದವನ್ನು ಅಣ್ಣ ಜೋಪಾನವಾಗಿ ಇಟ್ಟುಕೊಂಡಿದ್ದ.

ನಾನು ಶಿಕ್ಷಕಿಯ ತರಬೇತಿ ಮುಗಿಸಿದೆ. ಹುನಗುಂದದ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆ ಹಿಡಿದೆ. ಮದುವೆಯ ಮಾತನ್ನು ಅಪ್ಪ ಎರಡು ಸಲ ತೆಗೆದ, ನಾನು ಬೇಡವೆಂದೆ. ಮೂರನೆಯ ಸಲ ತೆಗೆಯಲಿಲ್ಲ. ಆ ಕೋಣೆಯಲ್ಲಿ ನನಗೆ ಸುಖವಿತ್ತು. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಣ್ಣ ಚೀಲದಲ್ಲಿ ಟೇಪ್‌ರೆಕಾರ್ಡರ್ ಹೊತ್ತು ಬಂದ. ಮೈ ಇಳಿದಿತ್ತು, ಗಡ್ಡದಲ್ಲಿ ಬಿಳಿ. ನೀರು ಕುಡಿದು, “ಒಂದು ಹಾಡೈತಿ. ನೀನ ಮೊದಲ ಕೇಳಬೇಕು,” ಎಂದು ಗುಂಡಿ ಒತ್ತಿದ.

ಅದು ಪಶ್ಚಾತ್ತಾಪದ ಹಾಡು. ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದ. ಪುರಾಣದಲ್ಲಿ ಒಡಹುಟ್ಟಿದವರಿಗೆ ದ್ರೋಹ ಮಾಡಿದವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ವಿರುದ್ಧ ಸಾಕ್ಷಿ ಹೇಳುತ್ತಿದ್ದರು. ಎರಡನೆಯ ಅಕ್ಷರದ ಪ್ರಾಸ ಒಂದು ಕಡೆಯೂ ತಪ್ಪಿರಲಿಲ್ಲ. ನಡುವೆ ಒಂದು ಕಡೆ ಕಂಠ ಬಿರಿದಿತ್ತು. ಆ ಬಿರಿದದ್ದನ್ನೂ ಇಟ್ಟುಕೊಂಡಿದ್ದ. ಕೊನೆಯವರೆಗೆ ಕೇಳಿದೆ. ಯಂತ್ರ ತಾನಾಗಿಯೇ ಕಟ್ ಎಂದು ನಿಂತಿತು. ಅವನು ನನ್ನ ಮುಖ ನೋಡುತ್ತಿದ್ದ. ಬಾಗಲಕೋಟೆಯ ಉಪನ್ಯಾಸಕರ ಮುಖ ನೋಡುವ ಹಾಗೆಯೇ.

“ಚಲೋ ಐತಿ,” ಎಂದೆ. “ಈಗ ಬಾಯಿಲೆ ಹೇಳು.”

“ಏನ?”

“ಇದರಾಗ ಏನ ಹೇಳಿದಿ ಅದನ್ನ. ಪ್ರಾಸ ಬ್ಯಾಡ. ಧಾಟಿ ಬ್ಯಾಡ.”

“ಹಾಡಿನ್ಯಾಗ ಹೇಳೇನಲ್ಲ ತಂಗಿ.”

“ಹಾಡು ಊರಿಗೆ ಹೇಳತೈತಿ. ನನಗ ಹೇಳು.”

ಅವನು ಬಾಯಿ ತೆರೆದ. ಮುಚ್ಚಿದ. ಮಾತಿನ ರಾಶಿಯ ಮೇಲೆ ಕೂತು ಬೆಳೆದ ಮನುಷ್ಯನಿಗೆ ನಾಲ್ಕು ಮಾತು ಹುಟ್ಟಲಿಲ್ಲ. ಯಂತ್ರದ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ನಾನು ಬಾಗಿಲವರೆಗೂ ಹೋಗಲಿಲ್ಲ. ಅಂದು ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗಿರುವವನು ಸ್ವಲ್ಪ ದೊಡ್ಡವನಿರಬೇಕು.

ಆಮೇಲೆ ಎರಡು ವರ್ಷ ಹಬ್ಬಕ್ಕೆ ಹೋದಾಗ ‘ಉಂಡಿಯಾ, ಮಲಗಿದಿಯಾ’ ಎನ್ನುವಷ್ಟೇ ಮಾತು. ಅವನ ಹಾಡುಗಳು ಕಡಿಮೆಯಾಗಿದ್ದವು. ಹುಡುಗರು ಹೊಸ ಸಿನಿಮಾ ಹಾಡುಗಳನ್ನು ಅವನ ಕ್ಯಾಸೆಟ್ಟುಗಳ ಮೇಲೆಯೇ ತುಂಬಿಸಿಕೊಳ್ಳುತ್ತಿದ್ದರು. ಬಾಗಲಕೋಟೆಯ ಉಪನ್ಯಾಸಕರು ಅಷ್ಟರಲ್ಲಿ ಬೇರೆ ಯಾರನ್ನೋ ಕಂಡುಹಿಡಿದಿದ್ದರು. ಒಬ್ಬನನ್ನು ಎತ್ತರಕ್ಕೇರಿಸಿ ಏಣಿ ತೆಗೆದುಕೊಂಡು ಹೋಗುವುದರಲ್ಲಿ ಅವರು ಪಳಗಿದವರು.

ಆಗ ಅವ್ವನ ಕಣ್ಣಿಗೆ ಪೊರೆ ಬಂತು. ಬಾಗಲಕೋಟೆಯ ಒಂದು ಕಣ್ಣಿನ ದವಾಖಾನೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಗ್ಗ ಬಿಟ್ಟು ಬರಲು ಮನಸ್ಸಾಗದೆ ಅಪ್ಪ ನಮ್ಮಿಬ್ಬರನ್ನೇ ಕಳಿಸಿದ. ಐದು ದಿನ ಅಣ್ಣನೂ ನಾನೂ ಅವ್ವನ ಮಂಚದ ಎರಡು ಬದಿ ಕೂತೆವು. ಅವ್ವನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅವಳಿಗೆ ಹೊತ್ತು ಹೋಗಲೆಂದು ಅಣ್ಣ ಪೇಪರು ಓದಿ ಹೇಳುತ್ತಿದ್ದ. ಅವನು ಓದುವುದನ್ನು ನಾನು ಬಹಳ ದಿನಗಳ ಮೇಲೆ ಕೇಳಿದೆ. ತನ್ನದಲ್ಲದ ಮಾತನ್ನು ಓದುವಾಗ ಅವನ ಕಂಠ ಮೂಗಿನಿಂದ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಡಾಕ್ಟರು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಚೀಟಿ ಹಿಡಿದು ಅಣ್ಣ ಹೊರಟ. ಹಿಂದೆಯೇ ನಾನು ನೀರಿನ ತಂಬಿಗೆ ತೊಳೆಯಲು ಹೊರಗೆ ಬಂದೆ. ದವಾಖಾನೆಯ ಓಣಿಯಂಥ ಉದ್ದನೆಯ ದಾರಿ. ಎರಡೂ ಕಡೆ ರೋಗಿಗಳ ಕಡೆಯವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಅಣ್ಣ ನಡುವೆಯೇ ನಿಂತ. ತಿರುಗಿದ.

“ತಂಗಿ,” ಎಂದ. “ನಿನ್ನ ಕೇಳಬೇಕಾಗಿತ್ತು. ಕೇಳಲಿಲ್ಲ. ಚಲೋ ಸಾಲು ಸಿಕ್ತಂತ ಹಾಡಿದೆ. ನಿನಗ ಏನಾಗತೈತಿ ಅಂತ ನನಗ ಗೊತ್ತಿತ್ತು, ಗೊತ್ತಿದ್ದೂ ಹಾಡಿದೆ. ತಪ್ಪಾತು.”

ಸುತ್ತಲಿನವರು ರೊಟ್ಟಿ ಮುರಿಯುತ್ತಿದ್ದರು. ಯಾರೂ ನೋಡಲಿಲ್ಲ. ಒಂದು ಮಾತು ನನ್ನ ಕಿವಿಗೆ ಬಿತ್ತು: ಗೊತ್ತಿದ್ದೂ. ಇಷ್ಟು ವರ್ಷ ಅವನನ್ನು ಮೂರ್ಖನೆಂದು ತಿರಸ್ಕರಿಸಿದ್ದೆ. ಅವನು ಮೂರ್ಖನಾಗಿರಲಿಲ್ಲ, ಅದಕ್ಕಿಂತ ಕೆಟ್ಟವನಾಗಿದ್ದ. ಅದನ್ನು ಅವನೇ ಹೇಳಿದ್ದ, ಯಾರೂ ಒತ್ತಾಯಿಸದೆ. ಕ್ಷಮಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಕ್ಷಮಿಸಿರಲೂ ಇಲ್ಲ.

“ಹನಿ ತಗೊಂಡು ಬಾ ಹೋಗು. ಮಧ್ಯಾಹ್ನಕ್ಕ ಅಂಗಡಿ ಮುಚ್ಚತಾರ,” ಎಂದೆ.

ಹೋದ. ಅರ್ಧ ತಾಸಿಗೆ ಬಂದ. ಸಿಸ್ಟರು ಬಾಟಲಿಯನ್ನು ತಿರುಗಿಸಿ ನೋಡಿ, ಇದು ಕಣ್ಣಿಗಲ್ಲ, ಕಿವಿಗೆ ಹಾಕುವುದು ಎಂದರು. ಅಣ್ಣ ಚೀಟಿಯನ್ನೂ ಬಾಟಲಿಯನ್ನೂ ಪಿಳಿಪಿಳಿ ನೋಡಿದ. ಊರಿನ ಶಾಸನಗಳನ್ನೆಲ್ಲ ಓದಬಲ್ಲವನು.

“ಕೊಡಿಲ್ಲೆ,” ಎಂದು ಅವನ ಕೈಯಿಂದ ಎರಡನ್ನೂ ಕಸಿದುಕೊಂಡು ಚಪ್ಪಲಿ ಮೆಟ್ಟಿದೆ. ಅವ್ವ ಪಟ್ಟಿ ಕಟ್ಟಿದ ಕಣ್ಣಿನಲ್ಲೇ ಸದ್ದಿನ ಕಡೆ ತಿರುಗಿ, “ಇಬ್ಬರೂ ಹೋಗಿ ಬರ್ರಿ. ನಾ ಏನ ಓಡಿ ಹೋಗಂಗಿಲ್ಲ,” ಎಂದಳು.

ಹೊರಗೆ ಬಿಸಿಲು ಏರಿತ್ತು. ಔಷಧದ ಅಂಗಡಿಯವನು ಬದಲಿಸಿಕೊಡಲು ಗೊಣಗಿದ. ನಾನು ಜೋರು ಮಾಡಿದೆ. ಅಣ್ಣ ನನ್ನ ಹಿಂದೆ, ಬಾಗಿಲಿನ ನೆರಳಿನಲ್ಲಿ ಯಾವ ಧಾಟಿಯನ್ನೂ ಗುನುಗದೆ ನಿಂತಿದ್ದ.